ಅಪವಾದಕ್ಕೊಂದು ಅರ್ಜಿ

ನಮ್ಮ ನುಡಿಯಲ್ಲಿ 'ಅಪವಾದ' ಎಂಬ ಒಂದು ಮಾತಿದೆ. ಬೀದಿಯಲ್ಲಿ ಅದಕ್ಕೆ ಆಪಾದನೆ, ಕೆಟ್ಟ ಹೆಸರು ಎಂದರ್ಥ. ಸುಳ್ಳು ಅಪವಾದ ಹೊರಿಸಿದರು ಎನ್ನುತ್ತೇವೆ; ಲೋಕಾಪವಾದಕ್ಕೆ ಅಂಜಿ ರಾಮನು ಸೀತೆಯನ್ನು ಕಾಡಿಗೆ ಕಳುಹಿಸಿದ ಎನ್ನುತ್ತೇವೆ. ಅದೇ ಮಾತು ವ್ಯಾಕರಣದ ತರಗತಿಯೊಳಕ್ಕೆ ಬಂದೊಡನೆ ಸಾಧುವಾಗಿಬಿಡುತ್ತದೆ. ಅಲ್ಲಿ ಅದಕ್ಕೆ ಸಾಮಾನ್ಯ ವಿಧಿಗೆ ಹೊರತಾದದ್ದು ಎಂದಷ್ಟೇ ಅರ್ಥ. ಹದಿನೆಂಟು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರೂ ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಹೇಗೆ ಒಟ್ಟಿಗೆ ಬಾಳುತ್ತಿವೆ ಎಂದು ನಾನು ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವಳು ನನ್ನ ಅಕ್ಕನ ಮಗಳು. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ವ್ಯಾಕರಣಕ್ಕೂ ಅವಳಿಗೂ ಹೈಸ್ಕೂಲಿನಲ್ಲೇ ಋಣ ಹರಿದಿತ್ತು.

ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದವಳು ಕಾಫಿ ಮುಗಿಸುವ ಮೊದಲೇ, "ಮಾವ, ನಂಗೊಂದು ಅರ್ಜಿ ಬರೀಬೇಕು. ಕಾರಣ ಕೊಟ್ಟು ವಿನಾಯಿತಿ ಕೇಳೋದು ಹೇಗೆ ಅಂತ ನೀವು ಹೇಳ್ಕೊಡಿ" ಎಂದಳು.

"ರಜಾ ಅರ್ಜಿಯೇನಮ್ಮ?" ಎಂದೆ.

"ಅಲ್ಲ ಮಾವ, ಯಂತ್ರ ಹಿಡಿದ ತಪ್ಪಿಗೆ."

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹತ್ತಾರು ಜನ ಸೇರಿ ಒಂದು ದೊಡ್ಡ ಪ್ರೋಗ್ರಾಂ ಬರೆಯುವಾಗ ಒಬ್ಬೊಬ್ಬರು ಬರೆದ ಭಾಗವನ್ನೂ ಮೂಲದೊಡನೆ ಕೂಡಿಸುವ ಮೊದಲು ಇನ್ನೊಂದು ಪ್ರೋಗ್ರಾಂ ಅದನ್ನು ಓದುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರು ಓದುವ ಹಾಗೆಯೇ ಇದು. ಹೆಸರಿಟ್ಟು ಎಲ್ಲಿಯೂ ಬಳಸದ ಪದಾರ್ಥ, ಎರಡು ಕಡೆ ಒಂದೇ ಆಗಿರುವ ಸಾಲುಗಳು, ಅಳತೆ ಮೀರಿ ಬೆಳೆದ ಭಾಗ, ಅಪಾಯಕಾರಿಯೆಂದು ಗೊತ್ತಾದ ವಿಧಾನ ಇವನ್ನೆಲ್ಲ ಪತ್ತೆ ಹಚ್ಚಿ ಪಟ್ಟಿ ಮಾಡುತ್ತದೆ. ಪಟ್ಟಿ ಖಾಲಿಯಾಗುವವರೆಗೆ ಬಾಗಿಲು ತೆರೆಯುವುದಿಲ್ಲ. ಇಂಥ ಪರಿಶೀಲಕಗಳಲ್ಲಿ ಬಹು ಹಿಂದಿನದೊಂದು 1970ರ ದಶಕದ ಕೊನೆಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಅದನ್ನು ಮಾಡಿದ ಸ್ಟೀಫನ್ ಜಾನ್ಸನ್ ಅದಕ್ಕಿಟ್ಟ ಹೆಸರು 'ಲಿಂಟ್'. ಎಂದರೆ ಬಟ್ಟೆಗೆ ಅಂಟಿಕೊಳ್ಳುವ ಹತ್ತಿಯ ಧೂಳು, ಎಳೆ. ಒಗೆದ ಬಟ್ಟೆಯ ಮೇಲಿನ ಎಳೆಗಳನ್ನು ಆರಿಸಿ ತೆಗೆಯುವ ಕೆಲಸ ಅದರದು. ನನಗೆ ಕುತೂಹಲವೆನಿಸಿದ ಸಂಗತಿಯೆಂದರೆ, 'ಈ ಜಾಗದ ವಿಷಯದಲ್ಲಿ ನೀನು ತಿಳಿದುಕೊಂಡಂತಿಲ್ಲ, ಇದು ಬೇಕೆಂದೇ ಹೀಗಿದೆ' ಎಂದು ಬರೆದವನು ಆ ಯಂತ್ರಕ್ಕೆ ಹೇಳಲು ಅದರಲ್ಲಿ ಮೊದಲಿನಿಂದಲೂ ಅವಕಾಶವಿತ್ತು. ಪರೀಕ್ಷಕನು ಹುಟ್ಟಿದ ಮನೆಯಲ್ಲೇ ಅಪವಾದವೂ ಹುಟ್ಟಿತೆನ್ನಬೇಕು.

ಇನ್ನು ಅವಳ ತೊಂದರೆ. ಒಂದು ಕಡತದಲ್ಲಿರುವುದನ್ನೆಲ್ಲ ಲೆಕ್ಕಹಾಕಿ ಅದಕ್ಕೊಂದು ಚಿಕ್ಕ ಬೆರಳಚ್ಚನ್ನು ಮಾಡುವ ವಿಧಾನಗಳಿವೆಯಂತೆ. ಕಡತದಲ್ಲಿ ಒಂದಕ್ಷರ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. 'ಎಂಡಿ5' ಎಂಬುದು ಅಂಥದೊಂದು ಹಳೆಯ ವಿಧಾನ. ಬೇರೆ ಬೇರೆಯಾದ ಎರಡು ಕಡತಗಳಿಗೆ ಒಂದೇ ಬೆರಳಚ್ಚು ಬರುವಂತೆ ಮಾಡಬಹುದೆಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿದ ಮೇಲೆ ಕಳ್ಳರ ಕಾಟವಿರುವ ಕಡೆ ಅದನ್ನು ನಂಬುವಂತಿಲ್ಲ. ಆದ್ದರಿಂದ ಅವಳ ಕಚೇರಿಯ ಯಂತ್ರವು ಆ ಹೆಸರು ಕಂಡಲ್ಲೆಲ್ಲ ತಪ್ಪು ಎನ್ನುತ್ತದೆ. ಆದರೆ ಬೇರೊಂದು ಸಂಸ್ಥೆಯವರು ಪ್ರತಿರಾತ್ರಿ ಇವರಿಗೆ ಕಳುಹಿಸುವ ಕಡತಗಳೊಡನೆ ಅದೇ ಹಳೆಯ ಬೆರಳಚ್ಚನ್ನು ಇಟ್ಟು ಕಳುಹಿಸುತ್ತಾರೆ. ದಾರಿಯಲ್ಲಿ ಕಡತ ಕೆಟ್ಟಿದೆಯೋ ಇಲ್ಲವೋ ಎಂದು ನೋಡಲಷ್ಟೇ ಅದು ಬೇಕು. ಕಳ್ಳನನ್ನು ಹಿಡಿಯುವ ಭಾರವನ್ನು ಅದರ ಮೇಲೆ ಯಾರೂ ಹೊರಿಸಿಲ್ಲ. ಆಚೆಯವರು ತಮ್ಮ ವಿಧಾನವನ್ನು ಬದಲಿಸಲು ಇನ್ನೂ ಆರು ತಿಂಗಳು ಬೇಕೆಂದಿದ್ದಾರೆ. ಯಂತ್ರದ ನಿಯಮ ಸರಿ. ಇವಳ ಕೆಲಸವೂ ಸರಿ. ಎರಡೂ ಸರಿಯಾಗಿರುವಾಗ ಏನು ಮಾಡಬೇಕು?

ಅವಳ ಕಚೇರಿಯ ಹಿರಿಯರೊಬ್ಬರು ಸುಲಭದ ದಾರಿ ತೋರಿಸಿದ್ದರು. ಸಾಲಿನ ಕೊನೆಗೆ ಒಂದು ಮಾತು ಬರೆದರೆ ಸಾಕು, ಯಂತ್ರ ಬಾಯಿ ಮುಚ್ಚಿಕೊಳ್ಳುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದು 'ನೋಕ್ಯೂಎ' ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಗುರುತು. ಯಾರನ್ನೂ ಕೇಳಬೇಕಾಗಿಲ್ಲ, ಕಾರಣ ಬರೆಯಬೇಕಾಗಿಲ್ಲ. ಅವಳ ಕಂಪನಿಯಲ್ಲಿ ಇನ್ನೊಂದು ದಾರಿಯೂ ಇತ್ತು: ಅರ್ಜಿ ಬರೆದು, ಇಂಥ ನಿಯಮಕ್ಕೆ ಇಂಥ ಜಾಗದಲ್ಲಿ ವಿನಾಯಿತಿ ಬೇಕೆಂದು ಕೇಳಿ, ಸಂಬಂಧಪಟ್ಟವರ ರುಜು ಪಡೆಯುವುದು. "ಎಲ್ಲರೂ ಮೊದಲನೇದನ್ನೇ ಮಾಡ್ತಾರೆ ಮಾವ. ಅರ್ಜಿ ಹಾಕಿದ್ರೆ ನಾನೇ ಏನೋ ತಪ್ಪು ಮಾಡಿದೀನಿ ಅನ್ನೋ ಹಾಗೆ ನೋಡ್ತಾರೆ" ಎಂದಳು.

ಅಪವಾದದ ಎರಡು ಅರ್ಥಗಳು ನನ್ನ ಕಣ್ಣ ಮುಂದೆ ಒಂದಾದದ್ದು ಆಗ. ಹೊರತನ್ನು ಕೇಳುವವನು ಆಪಾದಿತನಾಗುತ್ತಾನೆ. ಕೇಳದೆ ತೆಗೆದುಕೊಳ್ಳುವವನು ಮರ್ಯಾದಸ್ಥನಾಗಿಯೇ ಉಳಿಯುತ್ತಾನೆ. ಇದು ಕಂಪ್ಯೂಟರಿನವರ ಲೋಕದಲ್ಲಿ ಮಾತ್ರ ಇರುವ ನ್ಯಾಯವಲ್ಲ.

ವ್ಯಾಕರಣದವರು ಈ ವಿಷಯದಲ್ಲಿ ನಮಗಿಂತ ನಿಸ್ಸಂಕೋಚಿಗಳು. ಸ್ವರದ ಮುಂದೆ ಸ್ವರ ಬಂದರೆ ಸಂಧಿಯಾಗುತ್ತದೆ ಎಂದು ಪಾಠ ಹೇಳುತ್ತೇವೆ. ಮರುಗಳಿಗೆಯಲ್ಲಿಯೇ, ಕೂಗಿ ಕರೆಯುವಾಗಲೂ ಮನಸ್ಸು ಕಲಕಿ ಉದ್ಗಾರ ಹೊರಟಾಗಲೂ ಆಗುವುದಿಲ್ಲ ಎಂದೂ ಹೇಳುತ್ತೇವೆ. 'ಅಕ್ಕಾ, ಇತ್ತ ಬಾ' ಎನ್ನುತ್ತೇವೆಯೇ ಹೊರತು 'ಅಕ್ಕಿತ್ತ ಬಾ' ಎಂದು ಯಾರೂ ಕೂಗುವುದಿಲ್ಲ. 'ಅಯ್ಯೋ, ಇದೇನು' ಎಂದು ಮರುಗುವವನ ಬಾಯಿಯನ್ನು ಸಂಧಿನಿಯಮ ಕಟ್ಟಿಹಾಕುವುದಿಲ್ಲ. ವಿಶೇಷವೇನೆಂದರೆ, ಈ ವಿನಾಯಿತಿ ಗುಟ್ಟಿನದಲ್ಲ. ಅದು ನಿಯಮದ ಪಕ್ಕದಲ್ಲೇ, ಅದೇ ಪುಟದಲ್ಲಿ, ಇಂಥ ಸಂದರ್ಭದಲ್ಲಿ ಎಂಬ ಎಲ್ಲೆಯ ಸಮೇತ ಅಚ್ಚಾಗಿದೆ. ಆದ್ದರಿಂದಲೇ ಅದು ನಿಯಮವನ್ನು ಕೆಡಿಸುವುದಿಲ್ಲ. ಸಂಧಿ ತಿಳಿಯದೆ ಬಿಟ್ಟ ಹುಡುಗನೂ, ಬಿಡಬೇಕಾದಲ್ಲಿ ಬಿಟ್ಟ ಹುಡುಗನೂ ಬೇರೆ ಬೇರೆಯೆಂದು ನಮಗೆ ಗೊತ್ತಾಗುವುದು ಅಪವಾದವನ್ನು ಬರೆದಿಟ್ಟಿರುವುದರಿಂದ.

ಎಲ್ಲೆ ಎಂದೆನಷ್ಟೆ. ಅದರ ಬೆಲೆಯನ್ನು ತಿಳಿಯಲು ಛಾಂದೋಗ್ಯ ಉಪನಿಷತ್ತಿನ ಉಷಸ್ತಿಯ ಕಥೆ ನನಗೆ ನೆನಪಾಗುತ್ತದೆ. ಕುರುದೇಶದ ಪೈರು ಹಾಳಾಗಿ ಕ್ಷಾಮ ಬಂದಿತ್ತು. ಹಸಿದ ಉಷಸ್ತಿ ಒಂದು ಹಳ್ಳಿಯಲ್ಲಿ ಕಾಳು ತಿನ್ನುತ್ತಿದ್ದವನೊಬ್ಬನನ್ನು ಬೇಡಿದ. ತಟ್ಟೆಯಲ್ಲಿರುವ ಎಂಜಲಲ್ಲದೆ ನನ್ನಲ್ಲಿ ಬೇರೆ ಇಲ್ಲವೆಂದ ಅವನು. ಅದನ್ನೇ ಕೊಡು ಎಂದು ಉಷಸ್ತಿ ತಿಂದ. ಆಮೇಲೆ ಅವನು ಕುಡಿಯಲು ತನ್ನ ನೀರನ್ನೂ ಕೊಡಹೋದ. ಬೇಡ, ಅದು ಎಂಜಲು ಎಂದ ಉಷಸ್ತಿ. ಕಾಳು ಎಂಜಲಲ್ಲವೇ ಎಂದು ಅವನು ಕೇಳಿದ. ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದಲ್ಲಿ ಸಿಗುತ್ತದೆ ಎಂಬುದು ಉಷಸ್ತಿಯ ಉತ್ತರ. ಎಂಜಲಿನ ಕಟ್ಟುಪಾಡು ಇಂದು ನಮಗೆ ಒಪ್ಪಿಗೆಯೋ ಇಲ್ಲವೋ, ಅದು ಬೇರೆ ಮಾತು. ವಿನಾಯಿತಿ ತೆಗೆದುಕೊಳ್ಳುವವನು ಎಲ್ಲಿ ನಿಲ್ಲಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆಯನ್ನು ನಾನು ಕಾಣೆ. ಒಂದು ನಿಯಮ ಸಡಿಲಿತೆಂದು ಎಲ್ಲವನ್ನೂ ಸಡಿಲಿಸಿಕೊಳ್ಳಲಿಲ್ಲ ಅವನು. ಆ ನಾಲ್ಕಕ್ಷರದ ಗುರುತನ್ನು ಬರಿದೆ ಬರೆದರೆ ಯಂತ್ರವು ಆ ಸಾಲಿನ ಎಲ್ಲ ತಪ್ಪುಗಳಿಗೂ, ಇನ್ನು ಮುಂದೆ ಯಾರಾದರೂ ಅಲ್ಲಿ ಮಾಡುವ ತಪ್ಪುಗಳಿಗೂ ಕಣ್ಣು ಮುಚ್ಚಿಕೊಳ್ಳುತ್ತದಂತೆ. ಪಕ್ಕದಲ್ಲಿ ನಿಯಮದ ಸಂಖ್ಯೆಯನ್ನು ಬರೆದರೆ ಅದೊಂದಕ್ಕೆ ಮಾತ್ರ. ಕಾಳಿನ ಜೊತೆಗೆ ನೀರನ್ನೂ ಕುಡಿಯುವುದೋ ಬೇಡವೋ ಎಂಬ ಪ್ರಶ್ನೆ ಅಲ್ಲಿಯೂ ಇದೆ.

ಹಾಗಾದರೆ ವಿನಾಯಿತಿಯ ಗೊಡವೆಯೇ ಬೇಡ, ಯಂತ್ರ ಹೇಳಿದಂತೆ ತಿದ್ದಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ನಾನೂ ಕೇಳಿದೆ. ಅದಕ್ಕವಳು ಒಂದು ನಡೆದ ಸಂಗತಿ ಹೇಳಿದಳು. ಅಂತರಜಾಲದಲ್ಲಿ ಗುಟ್ಟಿನ ಸಂಪರ್ಕಕ್ಕೆ ಬಳಸುವ 'ಓಪನ್ ಎಸ್‌ಎಸ್‌ಎಲ್' ಎಂಬ ಪ್ರೋಗ್ರಾಂ ಇದೆ. ಬೀಗದ ಕೈಗಳನ್ನು ಮಾಡಲು ಅದಕ್ಕೆ ಯಾರೂ ಊಹಿಸಲಾಗದ ಅಂಕಿಗಳು ಬೇಕು. ಬೆಲೆ ತುಂಬದ ಸ್ಮೃತಿಯನ್ನು ಅದು ಓದುತ್ತಿದೆಯೆಂದು ಒಂದು ಪರಿಶೀಲಕವು ಆಕ್ಷೇಪಿಸಿತು. 'ಡೆಬಿಯನ್' ಎಂಬ ವ್ಯವಸ್ಥೆಯವರು 2006ರಲ್ಲಿ ಆಕ್ಷೇಪಕ್ಕೆ ಕಾರಣವಾದ ಎರಡು ಸಾಲುಗಳನ್ನು ತಮ್ಮ ಪ್ರತಿಯಿಂದ ತೆಗೆದರು. ಊಹೆಗೆ ನಿಲುಕದ ಅಂಶವನ್ನು ಅಂಕಿಗಳಿಗೆ ಬೆರೆಸುತ್ತಿದ್ದುದೇ ಅವುಗಳಲ್ಲೊಂದು ಸಾಲು. ಯಂತ್ರ ಸುಮ್ಮನಾಯಿತು. ಆದರೆ ಅಲ್ಲಿಂದ ಮುಂದೆ ಒಂದೊಂದು ಬಗೆಯಲ್ಲಿ ಹೆಚ್ಚೆಂದರೆ ಸುಮಾರು 32,768 ಕೈಗಳಷ್ಟೇ ತಯಾರಾಗುತ್ತಿದ್ದವು. ಅವೆಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಬೀಗ ತೆರೆಯುವುದು ಯಾರಿಗಾದರೂ ಸಾಧ್ಯ. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ತೆಗೆದವರು ಬಲ್ಲವರನ್ನು ಕೇಳಿಯೇ ಇರಲಿಲ್ಲವೆಂದಲ್ಲ, ಕೇಳಿದ್ದರು. ಆದರೆ ಪ್ರಶ್ನೆಯಲ್ಲಿ ಸಂದರ್ಭವೆಲ್ಲ ಇರಲಿಲ್ಲ, ಉತ್ತರದಲ್ಲಿ ಆಳವಿರಲಿಲ್ಲ. ಪರಿಶೀಲಕನಿಗೆ ವಿಧೇಯನಾಗಿರುವುದೇ ಸದ್ಗುಣವೆಂದು ತಿಳಿದವರು ಇದನ್ನು ನೆನೆಯಬೇಕು.

ವಿನಾಯಿತಿ ಪಡೆದದ್ದರಿಂದ ಆದ ಅನಾಹುತವೂ ಇದೆ. 1996ರ ಜೂನ್ 4ರಂದು ಯೂರೋಪಿನ 'ಏರಿಯಾನ್ 5' ಎಂಬ ಹೊಸ ರಾಕೆಟ್ಟು ಫ್ರೆಂಚ್ ಗಯಾನಾದ ಕೂರೂವಿನಿಂದ ತನ್ನ ಮೊದಲ ಪಯಣಕ್ಕೆ ಮೇಲೆದ್ದಿತು. ನಲವತ್ತು ಸೆಕೆಂಡು ತುಂಬುವ ಮೊದಲೇ ದಾರಿತಪ್ಪಿ ಒಡೆದು ಸಿಡಿಯಿತು. ತನಿಖೆಯ ಮಂಡಲಿ ಕಂಡುಕೊಂಡದ್ದಿಷ್ಟು. ದಾರಿ ತೋರುವ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಅಂಕಿಯನ್ನು ಚಿಕ್ಕ ಪಾತ್ರೆಯಲ್ಲಿ ತುಂಬಲು ಹೋಗಿ ಅದು ಉಕ್ಕಿತು. ಹೀಗೆ ಉಕ್ಕಬಹುದಾದ ಏಳು ಅಂಕಿಗಳಿದ್ದವು. ನಾಲ್ಕಕ್ಕೆ ರಕ್ಷಣೆ ಕಟ್ಟಿ ಮೂರನ್ನು ಹಾಗೆಯೇ ಬಿಟ್ಟಿದ್ದರು. ಬಿಟ್ಟದ್ದು ಅಜಾಗ್ರತೆಯಿಂದಲ್ಲ. ಕಂಪ್ಯೂಟರಿನ ಮೇಲಿನ ಭಾರ ನೂರಕ್ಕೆ 80ನ್ನು ಮೀರಬಾರದೆಂಬ ಗುರಿಯಿತ್ತು. ಆ ಮೂರು ಅಂಕಿಗಳು ಅಷ್ಟು ಬೆಳೆಯುವ ಸಂಭವವಿಲ್ಲವೆಂದು ಲೆಕ್ಕ ಹಾಕಿ, ಸಂಬಂಧಪಟ್ಟವರೆಲ್ಲ ಒಪ್ಪಿ ಮಾಡಿದ ತೀರ್ಮಾನ ಅದು. ಹಿಂದಿನ ರಾಕೆಟ್ಟಾದ ಏರಿಯಾನ್ 4ರ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೂ ಇತ್ತು. ಹೊಸದರ ಅಡ್ಡವೇಗ ಹಳೆಯದಕ್ಕಿಂತ ಬಹಳ ಹೆಚ್ಚು. ಪ್ರೋಗ್ರಾಂ ಮಾತ್ರ ಹಳೆಯದೇ ಬಂದಿತ್ತು. ವಿನಾಯಿತಿಯೂ ಅದರೊಡನೆ ಬಂದಿತ್ತು. ಕಾರಣ ಹಿಂದೆಯೇ ಉಳಿದಿತ್ತು. ಆ ಮೂರನ್ನು ಏಕೆ ಬಿಟ್ಟಿದೆಯೆಂಬುದು ಪ್ರೋಗ್ರಾಮಿನ ಸಾಲುಗಳ ಬಳಿ ಬರೆದಿರಲಿಲ್ಲವೆಂದು ಮಂಡಲಿಯು ತನ್ನ ವರದಿಯಲ್ಲಿ ಹೇಳಿತು.

ನನ್ನ ಅಕ್ಕನ ಮಗಳು ಇದನ್ನು ಹೇಳಿ ಮುಗಿಸಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಾಕೆಟ್ಟಿನ ಸಂಕಟದಿಂದಲ್ಲ. ನನಗೆ ನನ್ನದೇ ಒಂದು ಸಂಗತಿ ನೆನಪಾಗಿತ್ತು. ಇದುವರೆಗೆ ಯಾರಿಗೂ ಹೇಳದ ಅದನ್ನು ಇಲ್ಲಿ ಹೇಳದಿದ್ದರೆ ಈ ಲೇಖನವನ್ನು ಬರೆಯುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಪದವಿಯ ಎರಡನೆಯ ವರ್ಷದ ಒಂದು ತರಗತಿಯ ಹೊಣೆ ಹೊತ್ತಿದ್ದೆ. ನೂರಕ್ಕೆ 75 ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ತಕ್ಕ ಕಾರಣವಿದ್ದವರು ಅರ್ಜಿ ಕೊಟ್ಟರೆ ಸ್ವಲ್ಪ ಕೊರತೆಯನ್ನು ಮನ್ನಾ ಮಾಡುವ ಅವಕಾಶವೂ ಉಂಟು. ಒಬ್ಬ ಹುಡುಗನಿಗೆ ಹನ್ನೊಂದು ದಿನ ಕಡಮೆ ಬಿದ್ದಿತ್ತು. ರಾತ್ರಿ ಹೋಟೆಲಿನಲ್ಲಿ ಕೆಲಸ ಮಾಡಿ ಬೆಳಗಿನ ಮೊದಲ ತರಗತಿಗೆ ಬರಲಾಗದ ಬಡ ಹುಡುಗ, ಜಾಣ, ಅವನ ಪ್ರಬಂಧಗಳನ್ನು ಓದುವುದೇ ನನಗೊಂದು ಸಂತೋಷ. ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಅರ್ಜಿ, ಪ್ರಿನ್ಸಿಪಾಲರ ಶಿಫಾರಸು, ವಿಶ್ವವಿದ್ಯಾಲಯಕ್ಕೆ ಓಡಾಟ, ಇಷ್ಟೆಲ್ಲ ಏಕೆಂದು ನಾನು ಹಾಜರಿ ಪುಸ್ತಕ ತೆಗೆದು ಹನ್ನೊಂದು ಗೈರುಹಾಜರಿಗಳನ್ನು ಹಾಜರಿ ಮಾಡಿಬಿಟ್ಟೆ. ಪೆನ್ನು ಮುಚ್ಚುವಾಗ ಪುಣ್ಯ ಕಟ್ಟಿಕೊಂಡೆನೆಂಬ ಭಾವನೆ ನನ್ನಲ್ಲಿತ್ತು. ಹುಡುಗ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದ.

ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳಿಗೂ ಹಾಜರಿ ಕಡಮೆ, ಅವನಿಗಿಂತ ಎರಡು ದಿನ ಮಾತ್ರ ಹೆಚ್ಚು ಕಡಮೆ. ಅವಳು ಯಾರ ಬಾಗಿಲಲ್ಲೂ ಬಂದು ನಿಲ್ಲುವವಳಲ್ಲ. ಪಟ್ಟಿಯಲ್ಲಿ ಅವಳ ಹೆಸರು ಹೋಯಿತು, ಪರೀಕ್ಷೆಗೆ ಕೂರಿಸಲಿಲ್ಲ, ಮರುವರ್ಷ ಅವಳು ಕಾಲೇಜಿಗೆ ಬರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದರು, ಮನೆಯ ಕೆಲಸವೆಲ್ಲ ಅವಳ ಮೇಲಿತ್ತು ಎಂಬುದು ಅವಳ ಗೆಳತಿಯ ಬಾಯಿಂದ ನನಗೆ ತಿಳಿಯುವ ಹೊತ್ತಿಗೆ ಆರು ತಿಂಗಳಾಗಿತ್ತು.

ಹುಡುಗನ ಮೇಲೆ ದಯೆ ತೋರಿದ್ದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ತಪ್ಪಿದ್ದುದು ಬೇರೆ ಕಡೆ. ಅರ್ಜಿಯ ದಾರಿ ಇದೆಯೆಂದು ನಾನು ಫಲಕದಲ್ಲಿ ಬರೆಸಲಿಲ್ಲ, ತರಗತಿಯಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವೇ ನನಗೆ ಕಾಣಲಿಲ್ಲ; ನನ್ನ ಪೆನ್ನು ಇತ್ತಲ್ಲ! ಗುಟ್ಟಾಗಿ ಕೊಡುವ ವಿನಾಯಿತಿ ಕಣ್ಣಿಗೆ ಬಿದ್ದವನಿಗೆ ಕರುಣೆ, ಬೀಳದವಳಿಗೆ ಅನ್ಯಾಯ. ಇನ್ನೂ ಒಂದಿದೆ. ಹುಡುಗನ ಅರ್ಜಿ ಪ್ರಿನ್ಸಿಪಾಲರ ಮೇಜಿಗೆ ಹೋಗಿದ್ದರೆ, ರಾತ್ರಿ ದುಡಿಯುವ ಮಕ್ಕಳಿಗೆ ನಮ್ಮ ಮೊದಲ ತರಗತಿಯ ವೇಳೆ ಕಷ್ಟವೆಂದು ಅವರಿಗಾದರೂ ತಿಳಿಯುತ್ತಿತ್ತು. ವರ್ಷಕ್ಕೆ ಹತ್ತು ಅರ್ಜಿಗಳು ಹೋಗಿದ್ದರೆ ವೇಳೆಯೇ ಬದಲಾಗುತ್ತಿತ್ತೋ ಏನೋ. ನನ್ನ ಹಾಜರಿ ಪುಸ್ತಕ ಏನೂ ತೊಂದರೆಯಿಲ್ಲವೆಂದು ಸಾಕ್ಷಿ ಹೇಳಿತು. ಬಾಯಿ ಮುಚ್ಚಿಸಿದ ನಿಯಮ ಪಾಠ ಕಲಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಅದನ್ನು ನಾನು ಹಗುರವೆಂದು ತಿಳಿಯುವುದಿಲ್ಲ. ಬಡವನು ತನ್ನ ಮನೆಯ ಗೋಳನ್ನು ಕಾಗದದ ಮೇಲೆ ಬರೆದು ನಾಲ್ಕು ಜನ ಅಧಿಕಾರಿಗಳ ಕಣ್ಣಿಗೆ ಹಿಡಿಯಬೇಕೇ? ಗುಟ್ಟಾಗಿ ಮಾಡಿದ ಉಪಕಾರದಲ್ಲಿ ಅವನ ಮಾನವಾದರೂ ಉಳಿಯುತ್ತದಲ್ಲ? ಹೌದು. ಅರ್ಜಿ ಓದುವವರು ಆಪಾದಿತನನ್ನು ನೋಡುವಂತೆ ನೋಡಿದರೆ ಎಲ್ಲರೂ ಗುಟ್ಟಿನ ದಾರಿಯನ್ನೇ ಕಲಿಯುತ್ತಾರೆ. ಆಗ ಆ ದಾರಿ ಹಿಡಿದವರನ್ನಷ್ಟೇ ಬೈದು ಫಲವಿಲ್ಲ. ಓದದೆ ರುಜು ಹಾಕುವವರದೂ ಅದೇ ಕಥೆ. ಓದದೆ ಹಾಕಿದ ರುಜುವಿಗೂ ಆ ನಾಲ್ಕಕ್ಷರದ ಗುರುತಿಗೂ ಭೇದವಿಲ್ಲ. ಪ್ರಾಮಾಣಿಕವಾಗಿ ಕೇಳುವ ಹೊಣೆ ಕೇಳುವವನದಾದರೆ, ಕೇಳುವುದನ್ನು ಅವಮಾನವಾಗದಂತೆ ನೋಡಿಕೊಳ್ಳುವ ಹೊಣೆ ಕೊಡುವವನದು. ಕಾರಣವನ್ನೂ ಬೇಕಾದಷ್ಟೇ ಕೇಳಬೇಕು. ತಾಯಿಗೆ ಕಾಯಿಲೆ ಎಂದರೆ ಸಾಕು, ಕಾಯಿಲೆಯ ಹೆಸರು ಬೇಡ.

ಇಷ್ಟಾದ ಮೇಲೆ ನಾವಿಬ್ಬರೂ ಅರ್ಜಿ ಬರೆಯಲು ಕುಳಿತೆವು. ಇಂಗ್ಲಿಷು ಅವಳದು, ಪ್ರಶ್ನೆಗಳು ನನ್ನವು. ಯಾವ ನಿಯಮ? ಯಾವ ಜಾಗ? ಏಕೆ? ನಿಯಮ ತಡೆಯಬೇಕೆಂದಿರುವ ಕೇಡನ್ನು ಇಲ್ಲಿ ಬೇರೆ ಯಾವುದು ತಡೆಯುತ್ತದೆ? ಎಂದಿನವರೆಗೆ? ಆ ಬೆರಳಚ್ಚು ಅವಳ ಪ್ರೋಗ್ರಾಮಿನಲ್ಲಿ ಮೂರು ಕಡೆ ಬರುತ್ತಿತ್ತು. ಮೂರಕ್ಕೂ ಒಂದೇ ಕಾರಣವೆಂದು ಅವಳು ಬಂದಿದ್ದಳು. ಎರಡನೆಯದರವರೆಗೆ ಲೇಖನಿ ಸರಾಗವಾಗಿ ಓಡಿತು. ಮೂರನೆಯದಕ್ಕೆ ಬಂದಾಗ ಅವಳು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಆಮೇಲೆ ನಿಧಾನವಾಗಿ, "ಮಾವ, ಇಲ್ಲಿ ನನ್ನ ಕಾರಣ ನಿಲ್ಲೋದಿಲ್ಲ" ಎಂದಳು. ಆ ಒಂದು ಕಡೆ ಕಡತ ಹೊರಗಿನ ಗಿರಾಕಿಗಳ ಕೈಗೆ ಹೋಗುತ್ತಿತ್ತು. ನಡುವೆ ಯಾವನಾದರೂ ಅದನ್ನು ಬದಲಿಸಲು ಸಾಧ್ಯವಿತ್ತು. ಅಲ್ಲಿ ಯಂತ್ರ ಹೇಳಿದ್ದೇ ಸರಿ. ಅದನ್ನು ಅವಳು ತಿದ್ದಿದಳು. ಉಳಿದೆರಡಕ್ಕೆ ಆರು ತಿಂಗಳ ಅವಧಿ ಹಾಕಿ ಅರ್ಜಿ ಕೊಟ್ಟಳು. ಆ ನಾಲ್ಕಕ್ಷರವನ್ನು ಮೂರು ಕಡೆಯೂ ಬರೆದಿದ್ದರೆ ಅದು ಅವಳಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಕಾರಣವನ್ನು ಬರೆಯುವುದು ಮೇಲಿನವರನ್ನು ಒಪ್ಪಿಸಲಿಕ್ಕೆಂದು ನಾವು ತಿಳಿಯುತ್ತೇವೆ. ಮೊದಲು ಒಪ್ಪಬೇಕಾದವರು ನಾವೇ ಎಂಬುದು ಬರೆಯುವಾಗ ಗೊತ್ತಾಗುತ್ತದೆ.

ವಾರದ ಮೇಲೆ ಫೋನು ಮಾಡಿದಳು. ಒಪ್ಪಿಗೆ ಬಂದಿತ್ತು. ಓದಿದವರು ಆರು ತಿಂಗಳನ್ನು ನಾಲ್ಕಕ್ಕೆ ಇಳಿಸಿ, ಅಷ್ಟರೊಳಗೆ ಆಚೆಯ ಸಂಸ್ಥೆಯವರಿಗೆ ಒಂದು ನೆನಪೋಲೆ ಕಳುಹಿಸಬೇಕೆಂದು ಷರತ್ತು ಹಾಕಿದ್ದರು. ಅವಳಿಗೆ ಸ್ವಲ್ಪ ಬೇಸರವಾಗಿತ್ತು. ನನಗೆ ಸಂತೋಷವಾಯಿತು, ಯಾರೋ ಓದಿದ್ದಾರೆ.

ಈ ವರ್ಷ ಕಾಲೇಜು ತೆರೆದ ಮೊದಲ ವಾರದಲ್ಲೇ ನಾನು ತರಗತಿಯ ಫಲಕದಲ್ಲಿ ಒಂದು ಪ್ರಕಟಣೆ ಹಾಕಿಸಿದ್ದೇನೆ. ತಕ್ಕ ಕಾರಣದಿಂದ ಹಾಜರಿ ಕಡಮೆ ಬೀಳುವವರು ಪರೀಕ್ಷೆಯ ಹೊತ್ತಿನವರೆಗೆ ಕಾಯದೆ ನನ್ನನ್ನು ಕಂಡು ಅರ್ಜಿ ಕೊಡಬಹುದು. ಅರ್ಜಿಯ ನಮೂನೆ ನನ್ನ ಬಳಿ ಇದೆ. ಬರೆಯಲು ತಿಳಿಯದವರಿಗೆ ನಾನೇ ಜೊತೆಗೆ ಕುಳಿತು ಬರೆಸುತ್ತೇನೆ. ಸಹೋದ್ಯೋಗಿಯೊಬ್ಬರು ಅದನ್ನು ಓದಿ, "ಇನ್ನು ನಿಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತದೆ, ನೋಡಿ" ಎಂದರು. ನಿಲ್ಲಲಿ. ಸಾಲು ನಿಂತರೆ ಎಷ್ಟು ಜನರೆಂದಾದರೂ ತಿಳಿದೀತು. ಪ್ರಕಟಣೆಯ ಕೆಳಗೆ ನನ್ನ ರುಜುವಿದೆ, ತಾರೀಖೂ ಇದೆ.